ರಾಯರ ಕಾರೂ ಸೇವಾವಧಿಯ ವಿಸ್ತರಣೆಯೂ

ಅಂಗಡಿಯವನು ಹೇಳಿದ ಬೆಲೆಯನ್ನು ಹೇಳಿದಂತೆಯೇ ಎಣಿಸಿಕೊಟ್ಟು ಸಾಮಾನನ್ನು ಮನೆಗೆ ತರುವುದು ಬುದ್ಧಿಗೇಡಿತನದ ಪರಮಾವಧಿಯೆಂದೂ, ಪೆಟ್ಟಿಗೆಯ ಮೇಲೆ ಮುದ್ರಿತವಾದ ಬೆಲೆಯೆಂಬುದು ವಿಚಾರಶೂನ್ಯರಿಂದ ವಸೂಲು ಮಾಡುವ ದಂಡವೆಂದೂ ದೃಢವಾಗಿ ನಂಬಿದ ಪುರುಷರು ನಮ್ಮ ದೇಶದ ಪ್ರತಿಯೊಂದು ಪಟ್ಟಣದಲ್ಲಿಯೂ ಇದ್ದಾರೆ. ಆದರೆ ತಿರುವನಂತಪುರದ ತಂಪಾನೂರಿನಲ್ಲಿ, ರೈಲು ನಿಲ್ದಾಣದ ಕಲ್ಲಿನ ಕಟ್ಟಡಕ್ಕೂ ಬಸ್ ನಿಲ್ದಾಣದ ಗದ್ದಲಕ್ಕೂ ಅನತಿದೂರದ ಓಣಿಯೊಂದರಲ್ಲಿ ವಾಸಿಸುವ ನಮ್ಮ ರಾಯರಲ್ಲಿ ಈ ನಂಬಿಕೆಯು ಪಡೆದಿರುವ ದಾರ್ಶನಿಕ ಗಾಂಭೀರ್ಯವನ್ನು ಬೇರೆಲ್ಲಿಯೂ ಪಡೆದಿರಲಾರದು. ರಾಯರು ಕಾಸರಗೋಡಿನ ಕಡೆಯವರು. 1956ರ ನವೆಂಬರ್ 1ರಂದು ಮನೆಯೂ ಅಡಕೆತೋಟವೂ ಇದ್ದಲ್ಲಿಯೇ ಇದ್ದು ರಾಜ್ಯ ಮಾತ್ರ ಬದಲಾದ ಕುಟುಂಬಗಳಲ್ಲಿ ಅವರದೂ ಒಂದು. ಆದುದರಿಂದ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ, ಕೋಪ ಬಂದಾಗ ತುಳು ಎಂಬ ತ್ರಿಭಾಷಾಸೂತ್ರವನ್ನು ಅವರು ಯಾವ ಆಯೋಗದ ಶಿಫಾರಸೂ ಇಲ್ಲದೆಯೇ ಆಚರಣೆಗೆ ತಂದವರು.

ಸೆಕ್ರೆಟೇರಿಯಟ್ಟಿನ ಕಡತಗಳ ನಡುವೆ ಆಯುಷ್ಯದ ಉತ್ತಮಭಾಗವನ್ನು ಸವೆಸಿದ ರಾಯರನ್ನು ಸರಕಾರವು 55ನೆಯ ವಯಸ್ಸಿಗೆ ಮನೆಗೆ ಕಳುಹಿಸಿತು. ಅಂದು ಕೇರಳದಲ್ಲಿದ್ದ ನಿಯಮವೇ ಅದು. ಅವರು ಹಾರ ಹಾಕಿಸಿಕೊಂಡು ಮನೆಗೆ ಬಂದ ಮರುವರ್ಷ, 2012ರಲ್ಲಿ, ನಿವೃತ್ತಿಯ ವಯಸ್ಸು 56ಕ್ಕೇರಿತು; ತಲಪಾಡಿಯ ಗಡಿಯಾಚೆ, ಕರ್ನಾಟಕದಲ್ಲಿಯೋ, ಅದು ಆಗಲೇ 60 ಆಗಿತ್ತು. ಸಶಕ್ತನೂ ಕಾರ್ಯದಕ್ಷನೂ ಆದ ಒಬ್ಬ ನೌಕರನನ್ನು ಅಕಾಲದಲ್ಲಿ ವಿಶ್ರಾಂತಿಗೆ ತಳ್ಳಿದರೆಂಬ ಈ ವ್ರಣವು ಮಾಯದೆ ಉಳಿದುದರಿಂದಲೋ ಏನೋ, ತಮ್ಮ ಅಧೀನದಲ್ಲಿರುವ ಯಾವ ವಸ್ತುವನ್ನೂ ರಾಯರು ಸೇವೆಯಿಂದ ಬಿಡುಗಡೆ ಮಾಡುವವರಲ್ಲ. ಕಡ್ಡಿ ಮುರಿದ ಕೊಡೆಗೂ, ಒಂದೇ ವೇಗದಲ್ಲಿ ತಿರುಗುವ ಫ್ಯಾನಿಗೂ, ಗಂಟೆಗೊಮ್ಮೆ ತನಗೆ ತೋರಿದಷ್ಟು ಸಲ ಬಡಿಯುವ ಗಡಿಯಾರಕ್ಕೂ ಅವರಲ್ಲಿ ಸೇವಾವಧಿಯ ವಿಸ್ತರಣೆ ಉಂಟು. ಈ ವಿಸ್ತರಣೆಗಳಲ್ಲೆಲ್ಲ ಶ್ರೇಷ್ಠವಾದುದನ್ನು ಪಡೆದಿರುವುದು ಅವರ ಮಾರುತಿ 800.

1983ರ ಡಿಸೆಂಬರಿನಲ್ಲಿ ಪ್ರಧಾನಮಂತ್ರಿ ಇಂದಿರಾ ಗಾಂಧಿಯವರ ಕೈಯಿಂದ ಮೊದಲನೆಯ ಗ್ರಾಹಕನಿಗೆ ಕೀಲಿಕೈಯನ್ನು ಕೊಡಿಸಿಕೊಂಡು ಹೊರಟು, ಮಧ್ಯಮವರ್ಗದ ಅಸಂಖ್ಯ ಸಂಸಾರಗಳನ್ನು ಮಳೆಬಿಸಿಲುಗಳಿಂದ ಪಾರುಮಾಡಿ, 2014ರ ಜನವರಿಯಲ್ಲಿ ತಯಾರಿಕೆ ನಿಂತುಹೋದ ಈ ವಾಹನವು ರಾಯರ ದೃಷ್ಟಿಯಲ್ಲಿ ಇನ್ನೂ ಯೌವನಾವಸ್ಥೆಯಲ್ಲಿದೆ. ಕಾಸರಗೋಡಿನ ಕಲೆಕ್ಟರೇಟಿಗೆ ವರ್ಗವಾಗಿದ್ದಾಗ, 1999ರಲ್ಲಿ ಕೊಂಡದ್ದಾದುದರಿಂದ ಅದರ ಸಂಖ್ಯಾಫಲಕದ ಮೇಲೆ ಕೆಎಲ್ 14 ಎಂದಿದೆ; ಸುತ್ತಲೂ ಕೆಎಲ್ 01ಗಳೇ ತುಂಬಿರುವ ರಾಜಧಾನಿಯಲ್ಲಿ ಈ 14 ಎಂಬ ಅಂಕವನ್ನು ರಾಯರು ವಾರಕ್ಕೊಮ್ಮೆ ಒದ್ದೆಬಟ್ಟೆಯಿಂದ ಒರೆಸುವಾಗ ಅವರ ಮುಖದಲ್ಲಿ ಒಂದು ವಿಧವಾದ ನಾಡಪ್ರೇಮ ಮಿನುಗುತ್ತದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದು, ಅನಂತರ ಐದೈದು ವರ್ಷಕ್ಕೆ ನವೀಕರಣಗೊಳ್ಳತಕ್ಕದ್ದೆಂಬ ಕಾನೂನನ್ನು ಇತರರು ಶಪಿಸುತ್ತಾರೆ, ರಾಯರು ಕೊಂಡಾಡುತ್ತಾರೆ. ಹಸಿರು ತೆರಿಗೆಯನ್ನೊಂದು ಮಾತ್ರ, ಚೌಕಾಸಿಗೆ ಎಡೆಯಿಲ್ಲದ ಕಾರಣ, ಮುಖ ಸಿಂಡರಿಸಿಕೊಂಡು ಕಟ್ಟುತ್ತಾರೆ.

ಈ ಕಾರು ನಡುಗಹತ್ತಿತು. ನಡುಕವೆಂದರೆ ಸಾಮಾನ್ಯವಾದುದಲ್ಲ: ಓವರ್‌ಬ್ರಿಜ್ಜಿನ ಬಳಿ ಸಿಗ್ನಲ್ಲಿಗೆ ನಿಂತರೆ ಹಿನ್ನೋಟದ ಕನ್ನಡಿಯಲ್ಲಿ ಹಿಂದಿನ ಬಸ್ಸೊಂದು ಮೂರಾಗಿ ಕಾಣುತ್ತಿತ್ತು, ಗೇರು ಬದಲಿಸಿದೊಡನೆ ಎದುರಿನಲ್ಲೆಲ್ಲೋ ‘ಧಡ್’ ಎಂದು ಯಾರೋ ಬಿದ್ದ ಸದ್ದಾಗುತ್ತಿತ್ತು, ಡ್ಯಾಶ್‌ಬೋರ್ಡಿನ ಮೇಲೆ ಸ್ಪ್ರಿಂಗಿನ ಪೀಠದಲ್ಲಿ ಪ್ರತಿಷ್ಠಿತನಾದ ಮಧೂರಿನ ಗಣಪತಿಯು ರಾಯರು ಆಡಿದ ಪ್ರತಿಯೊಂದು ಮಾತಿಗೂ ಎಡೆಬಿಡದೆ ತಲೆದೂಗುತ್ತಿದ್ದನು. ಮೂರು ಸಿಲಿಂಡರಿನ ಎಂಜಿನ್ನಿಗೆ ಇದು ಹುಟ್ಟುಗುಣ. ಪಿಸ್ಟನ್ನುಗಳ ಮೇಲುಕೆಳಗಿನ ಎಳೆತವನ್ನು ಅವು ಪರಸ್ಪರ ಸರಿದೂಗಿಸಿಕೊಳ್ಳುತ್ತವೆಯಾದರೂ, ಒಂದೇ ಸಾಲಿನಲ್ಲಿ ಬೇರೆ ಬೇರೆ ಸ್ಥಾನಗಳಲ್ಲಿರುವುದರಿಂದ ಎಂಜಿನ್ನು ಈ ತುದಿಗೊಮ್ಮೆ ಆ ತುದಿಗೊಮ್ಮೆ ತೊನೆಯದೆ ಗತಿಯಿಲ್ಲ. ಆ ತೊನೆತವು ಕಾರಿನ ಮೈಗೆ ತಲುಪದಂತೆ ತಾವೇ ಹೀರಿಕೊಳ್ಳುವ ಕೆಲಸವನ್ನು ಉಕ್ಕಿಗೆ ಬೆಸೆದ ರಬ್ಬರಿನ ಗಟ್ಟಿಗಳು, ಮೆಕ್ಯಾನಿಕ್ಕುಗಳ ಭಾಷೆಯಲ್ಲಿ ಎಂಜಿನ್ ಮೌಂಟಿಂಗುಗಳು, ಸದ್ದಿಲ್ಲದೆ ಮಾಡುತ್ತಿರುತ್ತವೆ. ಬಿಸಿಯೂ ಕಾಲವೂ ಸೇರಿ ಅವನ್ನು ಬಿರಿಯಿಸುತ್ತವೆ. ಮೇಲಿಂದ ಎಣ್ಣೆ ತೊಟ್ಟಿಕ್ಕಿತೆಂದರೆ ಸಹಜ ರಬ್ಬರು ಊದಿಕೊಂಡು ಮೆತ್ತಗಾಗುತ್ತದೆ. ಮಳೆಗಾಲದಲ್ಲಿ ತಂಪಾನೂರು ಕೆರೆಯಾಗುವ ಊರು. ಆ ನೀರಿನಲ್ಲಿ ಕಾರನ್ನು ಇಳಿಸಿದುದೇ ಕಾರಣವಿರಬಹುದೇ ಎಂದು ಯಾರೋ ಕೇಳಿದುದಕ್ಕೆ, ರಬ್ಬರಿಗೆ ನೀರಿನ ಭಯವಿಲ್ಲವೆಂದು ರಾಯರು ಉತ್ತರಿಸಿದರು. ಅದು ನಿಜ. ಎಣ್ಣೆ ಸೋರುತ್ತಿದ್ದ ವಿಷಯವನ್ನು ಯಾರೂ ಕೇಳಲಿಲ್ಲ.

ಮನೆಯಾಕೆಯ ಬಲವಂತಕ್ಕೆ ಕಾರು ವರ್ಕ್‌ಶಾಪಿಗೆ ಹೋಯಿತು. ಊರಿನವರು ಆಶಾನ್ ಎಂದು ಕರೆಯುವ ಆ ವೃದ್ಧ ಮೇಸ್ತ್ರಿಯು ಬಾನೆಟ್ಟು ತೆರೆದು, ಹ್ಯಾಂಡ್‌ಬ್ರೇಕನ್ನು ಎಳೆಸಿ, ಮೊದಲನೆಯ ಗೇರಿಗೆ ಹಾಕಿಸಿ, ಕ್ಲಚ್ಚನ್ನು ಅರೆಬರೆ ಬಿಡಿಸಿದನು. ಎಂಜಿನ್ನು ಎದ್ದು ನಿಂತು ನೆರೆದವರಿಗೆಲ್ಲ ನಮಸ್ಕರಿಸಿತು. ‘ಸಾರೇ, ಮೂನ್ನುಂ ಪೋಯಿ’ ಎಂದನು ಆಶಾನ್; ಮೂರು ಮೌಂಟಿಂಗುಗಳೂ ಹೋಗಿವೆ ಎಂದರ್ಥ. ರಾಯರು ಒಪ್ಪಲಿಲ್ಲ. ಒಂದು ಕಡತವನ್ನು ಪರಿಶೀಲಿಸುವಾಗ ಮೂವರು ನೌಕರರ ಮೇಲೆ ದೂರು ಬಂದರೆ ಮೂವರನ್ನೂ ವಜಾ ಮಾಡುವುದು ನ್ಯಾಯವೇ? ಎಡಗಡೆಯದು ಸಂಪೂರ್ಣವಾಗಿ ತುಂಡಾಗಿರುವುದನ್ನು ಅವರು ಕಣ್ಣಾರೆ ಕಂಡರು, ಅದರ ನಿವೃತ್ತಿಗೆ ಆಕ್ಷೇಪಣೆಯಿಲ್ಲ. ಉಳಿದೆರಡರಲ್ಲಿ ಬಿರುಕುಗಳಿವೆ, ಬಿರುಕು ವಯೋಧರ್ಮ, ಅವು ಮುಂದುವರಿಯತಕ್ಕದ್ದು. ಹೊಸದೊಂದನ್ನು ಹಾಕಿದರೆ ಭಾರವೆಲ್ಲ ಅದರ ಮೇಲೆಯೇ ಬಿದ್ದು ಅದೂ ಬೇಗ ಕೆಡುವುದೆಂದು ಆಶಾನ್ ಬಗೆಬಗೆಯಾಗಿ ಹೇಳಿದನು. ಕಿರಿಯರ ಮೇಲೆ ಭಾರ ಬೀಳುವುದು ಎಲ್ಲ ಕಚೇರಿಗಳಲ್ಲಿಯೂ ಇರುವ ಸಂಪ್ರದಾಯವೆಂದು ರಾಯರು ನಡವಳಿಯನ್ನು ಮುಗಿಸಿದರು.

ಆ ಸಂಜೆ ನನ್ನನ್ನು ಇಂಡಿಯನ್ ಕಾಫಿ ಹೌಸಿಗೆ ಕರೆದೊಯ್ದರು. ಲಾರಿ ಬೇಕರ್ ಎಂಬ ಮಹಾನುಭಾವನು ಇಟ್ಟಿಗೆಯಲ್ಲಿ ಸುರುಳಿಯಾಗಿ ಕಟ್ಟಿದ ಆ ಗೋಪುರದಲ್ಲಿ ನೆಲವೇ ಏರುತ್ತ ಹೋಗುವುದರಿಂದ, ಕೆಳಗಿನ ಮೇಜಿನಲ್ಲಿ ಆರಂಭವಾದ ವಾದವು ಮೇಲಿನ ಮೇಜಿನವರಿಗೂ ಕೇಳಿಸಿ ಶ್ರೋತೃಗಳಿಗೆ ಬರವಿರುವುದಿಲ್ಲ. (ಅಲ್ಲಿಯ ಮಸಾಲೆದೋಸೆಯೊಳಗೆ ಬೀಟ್‌ರೂಟ್ ತುಂಬುವ ಪದ್ಧತಿಯನ್ನು ನಮ್ಮ ಉಡುಪಿಯ ನಾಲಗೆಗಳು ಇಷ್ಟು ವರ್ಷವಾದರೂ ಕ್ಷಮಿಸಿಲ್ಲ, ರಾಯರು ತಿನ್ನುವುದನ್ನೇನೋ ಬಿಟ್ಟಿಲ್ಲ.) ತಂಪಾನೂರಿನ ರೈಲು ನಿಲ್ದಾಣದ ಕಟ್ಟಡ ಎದ್ದುದು 1931ರಲ್ಲಿ, ಅದೇ 1931ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿಯು ಪ್ಲಿಮತ್ ಕಾರಿನ ಎಂಜಿನ್ನನ್ನು ರಬ್ಬರಿನ ಮೇಲೆ ತೇಲಿಸಿ ಅದಕ್ಕೆ ‘ಫ್ಲೋಟಿಂಗ್ ಪವರ್’ ಎಂದು ಹೆಸರಿಟ್ಟಿತು, ಅದರ ಹಕ್ಕನ್ನು ಪಡೆದ ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯು ತನ್ನ ಕಾರುಗಳ ಮೇಲೆ ತೇಲುವ ಹಂಸದ ಲಾಂಛನವನ್ನೇ ಧರಿಸಿತು ಎಂಬ ಇತಿಹಾಸವನ್ನು ರಾಯರು ಎರಡು ಕಾಫಿಗಳಲ್ಲಿ ವಿಸ್ತರಿಸಿದರು. ಇದರಿಂದ ಅವರು ತೆಗೆದ ಸಿದ್ಧಾಂತ ಮಾತ್ರ ನನ್ನನ್ನು ಬೆರಗುಗೊಳಿಸಿತು: 1931ಕ್ಕೆ ಮುಂಚೆ ಎಂಜಿನ್ನುಗಳನ್ನು ಚಾಸಿಗೆ ನೇರವಾಗಿಯೇ ಬಿಗಿಯುತ್ತಿದ್ದರಲ್ಲವೇ, ಆಗಲೂ ಜನ ಊರಿಂದೂರಿಗೆ ಹೋಗುತ್ತಿದ್ದರಲ್ಲವೇ, ಹಾಗಾದರೆ ಮೌಂಟಿಂಗೆಂಬುದು ಅವಶ್ಯಕತೆಯಲ್ಲ, ವಿಲಾಸ, ವಿಲಾಸವಸ್ತುವಿಗೆ ಪೂರ್ಣ ಬೆಲೆ ಕೊಡುವುದು ಅಧರ್ಮ.

ಬಿಡಿಭಾಗದ ಅಂಗಡಿಯಲ್ಲಿ ರಾಯರನ್ನು ನೋಡಬೇಕು. ಅಲ್ಲಿ ವಸ್ತುಗಳಿಗೆ ಮೂರು ವರ್ಣಗಳುಂಟು. ಕಂಪನಿಯ ಹೆಸರೂ ಹೊಳೆಯುವ ಚೀಟಿಯೂ ಇರುವುದು ‘ಒರಿಜಿನಲ್’; ಕಂಪನಿಗೆ ಮಾಡಿಕೊಡುವವರೇ ಹೆಸರು ಬದಲಿಸಿ ಮಾರುವರೆಂದು ಅಂಗಡಿಯವನು ಎದೆಯ ಮೇಲೆ ಕೈಯಿಟ್ಟು ಹೇಳುವುದು ‘ಸೇಮ್ ಸಾಧನಂ’; ಏನನ್ನೂ ಹೇಳದೆ ಮೇಜಿನ ಮೇಲೆ ಕುಕ್ಕುವುದು ‘ಲೋಕಲ್’. ನಡುವಣ ವರ್ಣದಲ್ಲಿ ಯೋಗ್ಯವಾದ ಮಾಲು ಇಲ್ಲವೆಂದಲ್ಲ. ಕಂಪನಿಗೆ ಒದಗಿಸುವವರೇ ಪೇಟೆಗೂ ಒದಗಿಸುವುದು ಮೋಟಾರು ವ್ಯಾಪಾರದಲ್ಲಿ ನಡೆದುಬಂದ ಕ್ರಮ. ಮೌಂಟಿಂಗಿನ ಗುಣವೆಲ್ಲ ನಿಂತಿರುವುದು ರಬ್ಬರಿನ ಪಾಕದಲ್ಲಿ, ಅದು ಉಕ್ಕಿಗೆ ಅಂಟಿಕೊಂಡಿರುವ ಬಿಗುವಿನಲ್ಲಿ, ಬೋಲ್ಟಿನ ರಂಧ್ರ ಕೂದಲೆಳೆಯಷ್ಟೂ ಸ್ಥಾನ ತಪ್ಪದಿರುವುದರಲ್ಲಿ. ಇವುಗಳಲ್ಲಿ ಒಂದನ್ನಾದರೂ ಗಿರಾಕಿಯು ಕಣ್ಣಿನಿಂದ ಅಳೆಯಲಾರನು. ರಬ್ಬರಿನ ಕಾಠಿಣ್ಯಕ್ಕೆ ಶೋರ್ ಎಂಬ ಮಾನವಿದೆ, ಅದಕ್ಕೊಂದು ಯಂತ್ರವಿದೆ, ರಾಯರಿಗೆ ಹೆಬ್ಬೆರಳಿದೆ. ಹಳೆಯ ಕಾಲದ ಮಂಗಳೂರಿನ ಮಂಡಿ ಸಾಹುಕಾರನು ಅಡಕೆಯನ್ನು ನೋಡುತ್ತಿದ್ದಂತೆ ಅವರು ಮೌಂಟಿಂಗನ್ನು ಅಂಗೈಯಲ್ಲಿ ಉರುಳಿಸಿ, ಉಗುರಿನಿಂದ ಒತ್ತಿ, ಕಿವಿಯ ಬಳಿ ತಟ್ಟಿ, ಮೂಗಿಗೆ ಹಿಡಿದು ದೀರ್ಘವಾಗಿ ಆಘ್ರಾಣಿಸುತ್ತಾರೆ. ಕಚ್ಚಿ ನೋಡುವುದೊಂದು ಬಾಕಿ. ‘ಇದು ಗಟ್ಟಿ ಮಾಲು’ ಎಂದರು. ಗಟ್ಟಿಯಾಗಿರುವುದೇ ಅದರ ದೋಷವೆಂದು, ಮಣಿಯಬೇಕಾದ ವಸ್ತು ಮಣಿಯದಿದ್ದರೆ ಅದು ಇದ್ದೂ ಇಲ್ಲದಂತೆಯೇ ಎಂದು ಹೇಳಲು ಆಶಾನ್ ಅಲ್ಲಿರಲಿಲ್ಲ.

ಆದರೂ ಅಲ್ಲಿ ಕೊಳ್ಳಲಿಲ್ಲ. ಎರ್ನಾಕುಳದಲ್ಲಿ ಇನ್ನೂ ಅಗ್ಗವೆಂದು ಯಾರೋ ಹೇಳಿದ್ದರು. ಬೆಳಕು ಹರಿಯುವ ಮೊದಲೇ ತಂಪಾನೂರಿನಿಂದ ವೇಣಾಡ್ ಎಕ್ಸ್‌ಪ್ರೆಸ್ ಹತ್ತಿ, ಕೋಟ್ಟಯಂ ಕಡೆಯ ದಾರಿಯಲ್ಲಿ ಕಿಟಕಿಯಾಚೆ ರಬ್ಬರು ಮರಗಳು ಸೊಂಟಕ್ಕೆ ಗೆರಟೆ ಕಟ್ಟಿಕೊಂಡು ನಿಂತಿರುವುದನ್ನು ಕಂಡು, ಇಡೀ ದೇಶಕ್ಕೆ ಅತ್ಯಧಿಕ ರಬ್ಬರು ಕೊಡುವ ರಾಜ್ಯದಲ್ಲಿ, ರಬ್ಬರ್ ಬೋರ್ಡಿನ ಕೇಂದ್ರಕಚೇರಿಯಿರುವ ಊರಿನ ಮೂಲಕವೇ ಹಾದು, ಇನ್ನೊಂದು ಪಟ್ಟಣಕ್ಕೆ ರಬ್ಬರಿನ ಮುಷ್ಟಿಗಾತ್ರದ ತುಂಡೊಂದನ್ನು ಕೊಳ್ಳಲು ಹೋಗಬೇಕಾದ ದುರವಸ್ಥೆಯ ಬಗ್ಗೆ ಸಹಪ್ರಯಾಣಿಕರಿಗೆ ಉಪನ್ಯಾಸ ಮಾಡಿ, ಸಂಜೆಯ ಗಾಡಿಗೆ ಹಿಂದಿರುಗಿದರು. ಮೌಂಟಿಂಗಿನಲ್ಲಿ ನಲವತ್ತು ರೂಪಾಯಿ ಉಳಿದಿತ್ತು. ರೈಲುಚಾರ್ಜು? ಅದನ್ನು ರಾಯರು ಲೆಕ್ಕದ ಪುಸ್ತಕದಲ್ಲಿ ‘ಪ್ರಯಾಣಭತ್ಯೆ’ ಎಂಬ ಪ್ರತ್ಯೇಕ ಶೀರ್ಷಿಕೆಯಲ್ಲಿ ಬರೆದರು, ಕಾಫಿ ಹೌಸಿನ ಬಿಲ್ಲು ‘ಸಾದಿಲ್ವಾರು’ ಕೆಳಗೆ ಹೋಯಿತು. ಒಂದು ಶೀರ್ಷಿಕೆಯ ವೆಚ್ಚವನ್ನು ಇನ್ನೊಂದರ ಉಳಿತಾಯದೊಡನೆ ಬೆರೆಸುವುದು ಲೆಕ್ಕಪರಿಶೋಧಕರು ಮೆಚ್ಚದ ಕಾರ್ಯ.

ಜೋಡಣೆಯ ದಿನ ಆಶಾನ್ ಎಂಜಿನ್ನಿನ ತಳಕ್ಕೆ ಹಲಗೆಯ ತುಂಡೊಂದನ್ನು ಕೊಟ್ಟು ಜಾಕಿನಿಂದ ಎತ್ತಿ ಹಿಡಿದು, ಹಳೆಯದನ್ನು ಕಳಚಿ, ಹೊಸದನ್ನು ಕೂರಿಸಲು ಹೋದರೆ ಅದರ ರಂಧ್ರ ಬ್ರಾಕೆಟ್ಟಿನ ರಂಧ್ರಕ್ಕೆ ಮುಖ ತಿರುಗಿಸಿ ನಿಂತಿತು. ರಾಯರು ಟಾರ್ಚು ಹಿಡಿದು ನಿಂತು, ಹೊಸದಾಗಿ ಬಂದ ನೌಕರನಿಗೆ ಕಚೇರಿ ಒಗ್ಗಲು ಕಾಲ ಹಿಡಿಯುತ್ತದೆಂದು ಸಮಾಧಾನ ಹೇಳಿದರು. ದುಂಡು ಅರದಿಂದ ರಂಧ್ರವನ್ನು ಅಗಲಿಸಿದ್ದಾಯಿತು. ಬೋಲ್ಟುಗಳನ್ನು ಸಡಿಲವಾಗಿಯೇ ಇರಿಸಿ, ಎಂಜಿನ್ನು ತನ್ನ ಭಾರದಿಂದ ತಾನೇ ನೆಲೆಗೊಂಡ ಮೇಲೆ ಬಿಗಿಯುವುದು ಕ್ರಮ. ಇಲ್ಲವಾದರೆ ರಬ್ಬರು ತಿರುಚಿಕೊಂಡೇ ಉಳಿಯುತ್ತದೆ. ಆಶಾನ್ ಈ ಕ್ರಮವನ್ನು ಪಾಲಿಸಿದನು. ಆ ಇಡೀ ವ್ಯವಹಾರದಲ್ಲಿ ಸರಿಯಾಗಿ ನಡೆದ ಕಾರ್ಯ ಅದೊಂದೇ ಎಂದು ನನ್ನ ಅಭಿಪ್ರಾಯ.

‘ಧಡ್’ ಸದ್ದು ನಿಂತಿತು. ಅದಕ್ಕೆ ಬದಲಾಗಿ ಕಾರಿನ ಸರ್ವಾಂಗದಿಂದಲೂ ಒಂದು ಗಂಭೀರವಾದ ಝೇಂಕಾರ ಹೊರಟಿತು. ಮೊದಲು ಕನ್ನಡಿ ನಡುಗುತ್ತಿತ್ತು. ಈಗ ಸ್ಟಿಯರಿಂಗು, ಆಸನ, ಆಸನದಲ್ಲಿ ಕುಳಿತವರ ದವಡೆ. ಗಣಪತಿಯು ತಲೆದೂಗುವುದನ್ನು ಬಿಟ್ಟು ಪೀಠಸಮೇತನಾಗಿ ಪ್ರದಕ್ಷಿಣೆ ಆರಂಭಿಸಿದನು. ‘ಮೊದಲಿನದು ಸಡಿಲಿನ ಕಂಪನ, ಇದು ಶಕ್ತಿಯ ಕಂಪನ, ಎಂಜಿನ್ನಿನ ಬಲ ನೇರವಾಗಿ ಮೈಗೆ ತಲುಪುತ್ತಿದೆ’ ಎಂದು ರಾಯರು ವ್ಯಾಖ್ಯಾನ ಮಾಡಿದರು, ಮಾತಿನಲ್ಲಿ ‘ಶ’ಕಾರಗಳು ಕೊಂಚ ಮುರಿದು ಕೇಳಿದುವು. ಮನೆಯಾಕೆ ಅಂದಿನಿಂದ ಚಾಲೆ ಪೇಟೆಗೆ ಆಟೊರಿಕ್ಷಾದಲ್ಲಿ ಹೋಗತೊಡಗಿದರು. ಆಶಾನ್ ನುಡಿದಂತೆಯೇ, ಸೇವಾವಧಿ ವಿಸ್ತರಣೆ ಪಡೆದಿದ್ದ ಆ ಹಿರಿಯರಿಬ್ಬರೂ ಓಣಂ ಹಬ್ಬದೊಳಗೆ ಒಬ್ಬರ ಹಿಂದೊಬ್ಬರು ಕರ್ತವ್ಯನಿರತರಾಗಿಯೇ ತುಂಡಾದರು. ಅವರ ಸ್ಥಾನಕ್ಕೆ ಎರ್ನಾಕುಳದಿಂದಲೇ ಇನ್ನಿಬ್ಬರು ಬಂದರು, ಅಷ್ಟರಲ್ಲಿ ಮೊದಲು ಬಂದವನ ರಬ್ಬರು ಉಕ್ಕಿನಿಂದ ಕಳಚಿಕೊಂಡಿತು. ಪುಸ್ತಕದ ಎಲ್ಲ ಶೀರ್ಷಿಕೆಗಳನ್ನೂ ಒಟ್ಟುಗೂಡಿಸುವ ಅವಿವೇಕವನ್ನು ಯಾರಾದರೂ ಮಾಡಿದ್ದರೆ ಕಂಪನಿಯ ಮಾಲು ಎರಡು ಸಲ ಬರುತ್ತಿತ್ತು.

ಬೆಂಗಳೂರಿನಲ್ಲಿರುವ ಮಗಳು ಒಮ್ಮೆ ಆ ಕಾರಿನಲ್ಲಿ ವಿಮಾನ ನಿಲ್ದಾಣದವರೆಗೆ ಹೋಗಿ, ಅಲ್ಲಿಂದಲೇ ಫೋನು ಮಾಡಿ, ಒರಿಜಿನಲ್ ಮೌಂಟಿಂಗುಗಳ ಪೂರ್ಣ ಸೆಟ್ಟನ್ನು ಮುದ್ರಿತ ಬೆಲೆ ಕೊಟ್ಟು ಕೊಂಡು ಕೊರಿಯರಿನಲ್ಲಿ ಕಳುಹಿಸಿದಳು. ರಾಯರು ಆ ಪೆಟ್ಟಿಗೆಗಳನ್ನು ಬಿಚ್ಚದೆ ಕಪಾಟಿನಲ್ಲಿಟ್ಟರು. ಎಷ್ಟಾದರೂ ಇಷ್ಟು ಬೆಲೆಯ ವಸ್ತುವನ್ನು ಎಣ್ಣೆ ಧೂಳುಗಳ ನಡುವೆ ಹಾಕುವುದುಂಟೇ? ಕೆಲವು ತಿಂಗಳ ಅನಂತರ, ಕೂತಲ್ಲಿಯೇ ರಬ್ಬರಿಗೂ ವಯಸ್ಸಾಗುವುದೆಂದು ಎಲ್ಲಿಯೋ ಓದಿ ಕಳವಳಗೊಂಡು, ಅವನ್ನು ಕಂಕುಳಲ್ಲಿ ಇರುಕಿಕೊಂಡು ಅಂಗಡಿಗೆ ನಡೆದು, ಈ ಒಂದು ಸೆಟ್ಟಿಗೆ ಎರಡು ಸೆಟ್ ಲೋಕಲ್ಲನ್ನೂ ಮೇಲಿಷ್ಟು ನಗದನ್ನೂ ಕೊಡಬಹುದೇ ಎಂದು ವಿಚಾರಿಸಿದರು. ಅಂಗಡಿಯವನು ಪೆಟ್ಟಿಗೆಯನ್ನು ಬಿಚ್ಚಿ, ಮೌಂಟಿಂಗನ್ನು ಅಂಗೈಯಲ್ಲಿ ಉರುಳಿಸಿ, ಹೆಬ್ಬೆರಳಿನಿಂದ ಒತ್ತಿ, ಮೂಗಿಗೆ ಹಿಡಿದು, ಒಲ್ಲೆನೆಂದು ತಲೆಯಾಡಿಸಿ, ‘ಸಾರೇ, ಇದು ಡೂಪ್ಲಿಕೇಟ್’ ಎಂದನು. ಮಗಳ ಹಣ ಪೂರ್ಣವಾಗಿ ಹೋಯಿತೆಂಬ ಈ ವಾರ್ತೆಯಿಂದ ರಾಯರ ಮುಖವು ಅರಳಿದಷ್ಟು ಪಿಂಚಣಿ ಹೆಚ್ಚಿದ ದಿನವೂ ಅರಳಿದ್ದನ್ನು ನಾನು ಕಂಡವನಲ್ಲ. ಪೂರ್ಣ ಬೆಲೆ ಕೊಟ್ಟರೆ ಹೀಗೆಯೇ ಆಗುವುದೆಂದು ಅಂಗಡಿಯಲ್ಲಿದ್ದ ಗಿರಾಕಿಗಳಿಗೆಲ್ಲ ಮಲಯಾಳದಲ್ಲಿ ಒಮ್ಮೆಯೂ, ನನಗಾಗಿ ಕನ್ನಡದಲ್ಲಿ ಮತ್ತೊಮ್ಮೆಯೂ ವಿವರಿಸಿ, ಎರಡು ಸೆಟ್ ಲೋಕಲ್ಲನ್ನು ತಾವಾಗಿ ಆರಿಸಿ ಕಟ್ಟಿಸಿಕೊಂಡರು, ಹತ್ತು ರೂಪಾಯಿ ಮುರಿದು.