ಬುಜ್ಜಿಯ ದಾನಧರ್ಮ

ಈರುಳ್ಳಿ ಹೆಚ್ಚುವುದಕ್ಕೂ ಪಂಚಾಂಗ ನೋಡುವ ನಾವು ವಿಶಾಖಪಟ್ಟಣದ ಎಂವಿಪಿ ಕಾಲೊನಿಯಲ್ಲಿ ಬಾಡಿಗೆಗಿದ್ದೇವೆ. ಎದುರುಮನೆಯವರೋ ಭಾನುವಾರ ಬೆಳಗಾದರೆ ಫಿಷಿಂಗ್ ಹಾರ್ಬರಿಗೆ ಹೋಗಿ ವಂಜರಂ ಮೀನು ತರುವವರು. ಅವರ ಬೆಕ್ಕು ಬುಜ್ಜಿಗೆ ನಮ್ಮ ಅಡುಗೆಮನೆಯ ದಾರಿದ್ರ್ಯ ಕಂಡು ಕರುಳು ಚುರುಕ್ ಎಂದಿರಬೇಕು. ಒಂದು ತುಂಡು ಕದ್ದು ತಂದು, ನನ್ನವಳ ರಂಗೋಲಿಯ ನಟ್ಟನಡುವೆ ಇಟ್ಟು, "ಏಳಿ, ಊಟ ಮಾಡಿ" ಎಂಬಂತೆ ನೋಡುತ್ತದೆ. ನಾನು ಮೂಗು ಮುಚ್ಚಿಕೊಂಡು, ಮೊರ, ಪೊರಕೆ, ಹಳೇ ಪೇಪರಿನೊಂದಿಗೆ ಯುದ್ಧಸನ್ನದ್ಧ. "ಸಾರಿ ಅಂಡಿ, ನಿಮ್ಮನ್ನ ಕಂಡ್ರೆ ಅದಕ್ಕೆ ಪ್ರಾಣ" ಎನ್ನುತ್ತ ಆಂಟಿ ತುಂಡನ್ನು ವಾಪಸ್ ಒಯ್ಯುತ್ತಾರೆ. ಎಸೆಯುವುದಕ್ಕೋ ತೊಳೆಯುವುದಕ್ಕೋ, ನಾನು ಕೇಳಿಲ್ಲ.

ಮೇಲಿನ ಮನೆಗೆ ವಿಜಯವಾಡದಿಂದ, ಸುಮಾರು 350 ಕಿಲೋಮೀಟರ್ ದಾಟಿ, ಒಂದು ಪಗ್ ಬಂದಿದೆ. ಪ್ರಕಾಶಂ ಬ್ಯಾರೇಜಿನ ಗಾಳಿ ಕುಡಿದ ಗತ್ತು ಬೇರೆ. ಆರ್‌ಕೆ ಬೀಚಿನಲ್ಲಿ ಮೊದಲ ಅಲೆ ನೋಡಿದ್ದೇ ಯಜಮಾನರ ಲುಂಗಿಯೊಳಗೆ ನುಗ್ಗಿತಂತೆ, ಇರಲಿ. ಮೇ ತಿಂಗಳಲ್ಲಿ ಆವಕಾಯಕ್ಕೆಂದು ತಾರಸಿಯಲ್ಲಿ ಹರಡಿದ್ದ ಮಾವಿನ ಹೋಳುಗಳಿಗೆ ಇದೇ ಕಾವಲುಗಾರ. ಪಕ್ಕದ ಗುಂಟೂರು ಖಾರದ ಪುಡಿಗೆ ಮೂತಿ ಇಟ್ಟಿತು ನೋಡಿ! ಮೆಟ್ಟಿಲು ಉರುಳಿಕೊಂಡೇ ಇಳಿದು, ನಮ್ಮ ದೇವರ ಮುಂದಿನ ತಂಬಿಗೆ ಕೆಡವಿ, ತೀರ್ಥವನ್ನೆಲ್ಲ ನೆಕ್ಕಿತು. ಬುಜ್ಜಿಗೆ ಇದು ಸುತರಾಂ ಹಿಡಿಸಲಿಲ್ಲ. ತಾನು ಸಾಕುತ್ತಿರುವ ಮನೆಗೆ ಇವನ್ಯಾರು ಎಂದು ಪಗ್ಗಿನ ಸುರುಳಿ ಬಾಲಕ್ಕೆ ರಪ್ಪನೆ ಒಂದು ಬಾರಿಸಿತು.