ಜಾಲತಾಣ ಮೀಮಾಂಸೆ: ಹುಬ್ಬಳ್ಳಿ ಪಾಠ

ಶಾಸ್ತ್ರಗ್ರಂಥವೆಂದಮೇಲೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಈ ನಾಲ್ಕನ್ನೂ ಆರಂಭದಲ್ಲೇ ಹೇಳಿಬಿಡಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆ. ಈ ಗ್ರಂಥಕ್ಕೆ ಅಧಿಕಾರಿ ಯಾರೆಂದರೆ, ಹುಬ್ಬಳ್ಳಿಯ ವಿದ್ಯಾನಗರದಲ್ಲೋ ದೇಶಪಾಂಡೆ ನಗರದಲ್ಲೋ ಲಿಫ್ಟಿಲ್ಲದ ಎರಡನೇ ಮಹಡಿಯಲ್ಲಿ ನಾಲ್ಕು ಕಂಪ್ಯೂಟರು, ಒಂದು ಯುಪಿಎಸ್ಸು, ಒಂದು ಗಣಪತಿ ಫೋಟೊ ಇಟ್ಟುಕೊಂಡು ವೆಬ್‌ಸೈಟ್ ಮಾಡಿಕೊಡುವವನು. ಇವನನ್ನು ಇಲ್ಲಿ ಗೌರವದಿಂದ ಆಚಾರ್ಯನೆಂದು ಕರೆಯಲಾಗಿದೆ. ವಿಷಯ, ವ್ಯಾಪಾರಿಗಳ ವೆಬ್‌ಸೈಟು. ಸಂಬಂಧವು ಅರ್ಧ ಅಡ್ವಾನ್ಸ್ ಬಂದ ದಿನ ಹುಟ್ಟಿ, ಉಳಿದರ್ಧ ಕೇಳಿದ ದಿನ ಹಳಸುವಂಥದು. ಇನ್ನು ಪ್ರಯೋಜನದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಈ ಗ್ರಂಥ ಹುಟ್ಟಿದ್ದೇ ಆ ಜಗಳದಿಂದ.

ಪೂರ್ವಪಕ್ಷ ಹೀಗಿದೆ: ವೆಬ್‌ಸೈಟ್ ಇರುವುದು ಗಿರಾಕಿಗಾಗಿ. 1991ರಲ್ಲಿ ಜಿನೀವಾದ ಬಳಿಯ ಸೆರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಅವರು ಲೋಕದ ಮೊದಲ ತಾಣವನ್ನು ತೆರೆದಾಗ ಅದರಲ್ಲಿ ಚಿತ್ರವಿರಲಿಲ್ಲ, ಲೋಗೋ ಇರಲಿಲ್ಲ. ಇದ್ದದ್ದು ಬರಹ, ಕೊಂಡಿ, ಅಷ್ಟೇ. ಬಂದವನಿಗೆ ಬೇಕಾದದ್ದು ಕೈಗೆ ಸಿಗಬೇಕು, ಪುಟ ಬೇಗ ತೆರೆಯಬೇಕು, ಫೋನ್ ನಂಬರು ಎದುರಿಗಿರಬೇಕು ಎನ್ನುವ ಈ ಗ್ರಾಹಕವಾದಿಗಳು ಸಾಮಾನ್ಯವಾಗಿ ಬೆಂಗಳೂರಿನಲ್ಲಿ ವಾಸಿಸುತ್ತಾರೆ.

ನಮ್ಮ ಸಿದ್ಧಾಂತ ಬೇರೆ. ಅಂಗಡಿಯ ವೆಬ್‌ಸೈಟನ್ನು ದಿನಾ ತೆರೆದು, ಭಕ್ತಿಯಿಂದ ನೋಡಿ, ನಾಲ್ಕು ಮಂದಿಗೆ ತೋರಿಸುವ ಸಹೃದಯ ಲೋಕದಲ್ಲಿ ಒಬ್ಬನೇ, ಅವನು ಅದರ ಸಾಹುಕಾರ. ಇದಕ್ಕೆ ಸ್ವದರ್ಶನವಾದವೆಂದು ಹೆಸರು. ಪ್ರಮಾಣ ಬೇಕಾದವರು ಯಾವುದಾದರೂ ಮುಖಪುಟದ ಮೂರ್ತಿಶಿಲ್ಪವನ್ನು ಪರಿಶೀಲಿಸಬಹುದು. ಮೇಲೆ ಮನೆದೇವರು, ಅದರ ಕೆಳಗೆ ಹಾರ ಹಾಕಿದ ತಂದೆಯವರ ಫೋಟೊ, ಆಮೇಲೆ ಉದ್ಘಾಟನೆಯ ದಿನ ಶಾಲು ಹೊದಿಸಿದ ಫೋಟೊ. ಮಾರುವ ಸರಕು ಇವೆಲ್ಲದರ ಕೆಳಗೆ, ಪ್ರಾಕಾರದ ಉಪದೇವತೆಯಂತೆ ಇರುತ್ತದೆ. ಫೋನ್ ನಂಬರು ಪಾದಪೀಠದಲ್ಲಿ, ಬೂದು ಬಣ್ಣದಲ್ಲಿ.

ಇನ್ನೂ ಬಲವಾದ ಪ್ರಮಾಣವನ್ನು ಲ್ಯಾಟಿನ್ ಭಾಷೆ ಒದಗಿಸುತ್ತದೆ. ಸಾಹುಕಾರರಿಂದ ಬರಹ ಬರುವ ತನಕ ಜಾಗ ತುಂಬಲು ಹಾಕುವ ಲೊರೆಮ್ ಇಪ್ಸಮ್ ಎಂಬ ಹುಸಿಪಾಠ ಮೂಲತಃ ಕ್ರಿ.ಪೂ. 45ರಲ್ಲಿ ಸಿಸಿರೊ ಬರೆದ ತತ್ತ್ವಗ್ರಂಥದ ಒಂದು ಭಾಗ. ಅಚ್ಚಿನವರ ಕೈಗೆ ಸಿಕ್ಕು ಚಿಂದಿಯಾದದ್ದು. ಒಂದು ಬಟ್ಟೆ ಅಂಗಡಿಯ ‘ನಮ್ಮ ಬಗ್ಗೆ’ ಪುಟ ಈ ಚಿಂದಿ ಲ್ಯಾಟಿನ್ನಿನಲ್ಲೇ ಎರಡು ದೀಪಾವಳಿ ಕಳೆಯಿತು. ಒಬ್ಬ ಗಿರಾಕಿಯೂ ಆಕ್ಷೇಪಿಸಲಿಲ್ಲ. ಆಕ್ಷೇಪಿಸಲು ಬರಬೇಕಲ್ಲ! ಸಾಹುಕಾರರು ಮಾತ್ರ ಆಚಾರ್ಯನ ಬೆನ್ನು ತಟ್ಟಿದರು: “ಇಂಗ್ಲಿಷ್ ಜಬರ್ದಸ್ತ್ ಬರದೀರಿ.”

ಇನ್ನು ವರ್ಣಪ್ರಕರಣ. ಪರದೆಯ ಬಣ್ಣಗಳ ಸಂಖ್ಯೆ 1,67,77,216 ಎಂಬುದು ಗಣಿತ. ಆದರೆ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗೆ ಅದರಲ್ಲಿ ಒಂದೇ ಬಣ್ಣ ಬೇಕು, ಅದು ಆ ಲೆಕ್ಕದಲ್ಲಿ ಇರುವುದಿಲ್ಲ. ಬ್ಯಾಡಗಿ ಕಾಯಿಯ ಹೆಸರಿರುವುದೇ ಬಣ್ಣಕ್ಕೆ. ಖಾರ ಕಡಿಮೆ, ಮೈತುಂಬ ಸುಕ್ಕು, ಕಡುಗೆಂಪು. ಅದರ ಬಣ್ಣ ಹಿಂಡಿ ಲಿಪ್‌ಸ್ಟಿಕ್‌ಗೂ ಬಳಸುತ್ತಾರೆ. 2011ರಿಂದ ಭೌಗೋಳಿಕ ಸೂಚಕದ ಮುದ್ರೆಯೂ ಇದೆ. ಕೆಂಪನ್ನು ಆಸ್ಟಾ ಎಂಬ ಮಾನದಲ್ಲಿ ಅಳೆದು ದರ ಕಟ್ಟುವ ಜನ ಅವರು. ಅಂಥವರೊಬ್ಬರು ತಾಣದ ಮೊದಲ ಕರಡು ನೋಡಿ, ಕೈಚೀಲದಿಂದ ಡಬ್ಬಿ ತಳಿಯ ಒಂದು ಕಾಯಿ ತೆಗೆದು ಮಾನಿಟರಿಗೆ ಒತ್ತಿ ಹಿಡಿದರು. ಟ್ಯೂಬ್‌ಲೈಟ್ ಆರಿಸಲು ಹೇಳಿದರು. ಮತ್ತೆ ಹಿಡಿದರು.

“ಇದು ಗುಂಟೂರ ಕೆಂಪ ಆತ್ರಿ.”

“ಅದೂ ಕೆಂಪ ಅಲ್ಲೇನ್ರಿ ಸಾವ್ಕಾರ?”

“ನಮ್ಮ ಮಾಲಿಗೆ ಖಾರಿಲ್ಲ, ಬಣ್ಣ ಐತಿ. ನೀವು ಖಾರ ಹಾಕೀರಿ.”

ಇಂಥ ವರ್ಣಸೂಕ್ಷ್ಮ ಯಾವ ಆಲಂಕಾರಿಕನಿಗೂ ಹೊಳೆದಿರಲಿಲ್ಲವೆಂದು ವಿನಯದಿಂದ ಒಪ್ಪಬೇಕು. ಆಚಾರ್ಯ ಆ ಕಾಯಿಯದೇ ಫೋಟೊ ತೆಗೆದು, ಅದರಿಂದಲೇ ಬಣ್ಣ ಹೆಕ್ಕಿ ಹಾಕಿದ. ಬಂದದ್ದು ಕಂದು. “ಇದು ಕೋಲ್ಡ್ ಸ್ಟೋರೇಜ್ ಮಾಲು, ಹ್ವಾದ ವರ್ಷದ್ದು” ಎಂದು ತಿರಸ್ಕೃತವಾಯಿತು. ಮರುದಿನ ಸಾಹುಕಾರರ ಫೋನಿನಲ್ಲಿ ಒಂದು ಕೆಂಪು, ಮಗನ ಫೋನಿನಲ್ಲಿ ಇನ್ನೊಂದು, ಗುಮಾಸ್ತನ ಒಡೆದ ಗಾಜಿನಲ್ಲಿ ಮೂರನೆಯದು. ಕೊನೆಗೆ ಆಚಾರ್ಯ ತಾಣವನ್ನು ಮುಟ್ಟಲೇ ಇಲ್ಲ. ಸಾಹುಕಾರರ ಫೋನನ್ನು ಕೈಗೆ ತೆಗೆದುಕೊಂಡು ಬ್ರೈಟ್‌ನೆಸ್ ಏರಿಸಿ ಹಿಂದಿರುಗಿಸಿದ. “ಹಾಂ, ಈಗ ಬಂತು ನೋಡ್ರಿ!” ಉಳಿದ ಕೋಟ್ಯಂತರ ಫೋನುಗಳಲ್ಲಿ ಏನು ಕಾಣುತ್ತದೆಂದು ಯಾರೂ ಕೇಳಲಿಲ್ಲ. ಸ್ವದರ್ಶನವಾದಕ್ಕೆ ಇದಕ್ಕಿಂತ ಪ್ರತ್ಯಕ್ಷ ಪ್ರಮಾಣ ಬೇಕೆನ್ನುವವರು ಚಾರ್ವಾಕರಿಗಿಂತ ಹಟಮಾರಿಗಳು.

ಲಿಪಿಪ್ರಕರಣ ಕನ್ನಡಿಗರಿಗೇ ಮೀಸಲು. ಕನ್ನಡದಲ್ಲೂ ಇರಲಿ ಎಂದು ಹಟ ಹಿಡಿದ ಸಾಹುಕಾರರು (ಇವರ ಸಂತತಿ ಹೆಚ್ಚಲಿ) ಅಚ್ಚಿನಂಗಡಿಯಿಂದ ಹಳೆಯ ನುಡಿ ಅಕ್ಷರದ ಕಡತ ತರಿಸಿ ಕಳಿಸುತ್ತಾರೆ. ಅದನ್ನು ಹಾಗೆಯೇ ಅಂಟಿಸಿದರೆ ‘ಕನ್ನಡ’ ಎಂಬ ಪದ ಒಂದು ಇಂಗ್ಲಿಷ್ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ನಡುವೆ ಒಂದು ಬ್ರಿಟಿಷ್ ಪೌಂಡ್ ಚಿಹ್ನೆ, ಹೀಗೆ ಪ್ರಕಟವಾಗುತ್ತದೆ. ಯೂನಿಕೋಡಿಗೆ ತಿರುಗಿಸಿದ ಮೇಲೂ ಕೆಲವು ಒತ್ತಕ್ಷರಗಳು ದಾರಿ ತಪ್ಪಿರುತ್ತವೆ, ಅರ್ಕಾವತ್ತು ಪಕ್ಕದ ಅಕ್ಷರದ ಹೆಗಲೇರಿರುತ್ತದೆ. ಅವನ್ನು ಒಂದೊಂದಾಗಿ ಹಿಡಿದು ಕೂರಿಸುವ ಕೆಲಸಕ್ಕೆ ಕೊಟೇಶನ್ನಿನಲ್ಲಿ ಸಾಲೂ ಇಲ್ಲ, ಸಂಬಳವೂ ಇಲ್ಲ.

ಪಾಠಾಂತರಗಳ ವಿಚಾರ ವಿದ್ವತ್ ಸಂಪಾದಕರಿಗೆ ಬಿಟ್ಟದ್ದು. ‘ಫೈನಲ್’, ‘ಫೈನಲ್ ನ್ಯೂ’, ‘ಫೈನಲ್ ನ್ಯೂ ಅಳಿಯ ಹೇಳಿದ್ದು’ ಎಂಬ ಪ್ರತಿಗಳು ಲಭ್ಯವಿವೆ. ಇವುಗಳಲ್ಲಿ ಅಳಿಯನ ಪಾಠವೇ ಎಲ್ಲಕ್ಕಿಂತ ಪ್ರಕ್ಷಿಪ್ತ. ಎಂಜಿನಿಯರಿಂಗ್ ಮೂರನೇ ಸೆಮಿಸ್ಟರಿನ ಅಳಿಯನಿಂದ ಬಂದದ್ದಾದರೆ ಪೂರ್ತಿ ಪ್ರಕ್ಷಿಪ್ತ.

ಮಾಯಾಪ್ರಕರಣವೂ ಚಿಕ್ಕದೇ. ಆಚಾರ್ಯ ಬದಲಿಸಿದ ಪುಟ ಅವನಿಗೆ ಹೊಸದಾಗಿ ಕಾಣುತ್ತದೆ, ಸಾಹುಕಾರರಿಗೆ ಹಳೆಯದಾಗಿಯೇ ಕಾಣುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಬ್ರೌಸರು ಹಿಂದೆ ನೋಡಿದ್ದನ್ನು ಕ್ಯಾಶೆಯಲ್ಲಿ ಜೋಪಾನವಾಗಿಟ್ಟು ಅದನ್ನೇ ತೋರಿಸುತ್ತಿದೆ. ಜಗತ್ತು ಸತ್ತೂ ಅಲ್ಲ ಅಸತ್ತೂ ಅಲ್ಲವೆಂದು ವೇದಾಂತಿಗಳು ಶತಮಾನಗಟ್ಟಲೆ ವಾದಿಸಿದ್ದನ್ನು ಇಲ್ಲಿ ಕಂಟ್ರೋಲ್ ಕೀಲಿಯ ಜತೆ ಎಫ್ ಐದನ್ನು ಒತ್ತಿ ಪರಿಹರಿಸುತ್ತಾರೆ. ಫೋನಿನಲ್ಲಿ ಆ ಕೀಲಿ ಇಲ್ಲ, ಆದ್ದರಿಂದ ಅಲ್ಲಿ ಮೋಕ್ಷವೂ ತಡ.

ಅರ್ಥಪ್ರಕರಣಕ್ಕೆ ಬಂದರೆ ಶಾಸನ ಒಂದು, ಆಚಾರ ಇನ್ನೊಂದು. ನೋಂದಾಯಿತ ಸಣ್ಣ ಉದ್ದಿಮೆಯ ಬಾಕಿಯನ್ನು ಹೆಚ್ಚೆಂದರೆ 45 ದಿನಗಳಲ್ಲಿ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎಂದು 2006ರ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಇದನ್ನು ಸಾಹುಕಾರರ ಎದುರು ಓದಿ ಹೇಳಿದ ಆಚಾರ್ಯನಿಗೆ ಬಾಕಿಯೂ ಬರುವುದಿಲ್ಲ, ಅವರ ತಮ್ಮನ ಅಂಗಡಿಯ ಕೆಲಸವೂ ಬರುವುದಿಲ್ಲ. ಶೇ. 18ರ ಜಿಎಸ್‌ಟಿ ಸಾಲು ಕಂಡೊಡನೆ “ಬಿಲ್ ಬ್ಯಾಡ್ರಿ, ಹಂಗ ಮಾಡಿಕೊಡ್ರಿ” ಎಂಬ ಪ್ರಾಚೀನ ಮಂತ್ರ ಕೇಳಿಬರುತ್ತದೆ. “ಹಬ್ಬ ಆಗ್ಲಿ ತಡೀರಿ” ಎಂಬುದು ಉತ್ತರಮಂತ್ರ. ಯಾವ ಹಬ್ಬವೆಂದು ಕೇಳಬಾರದು. ಪಂಚಾಂಗ ದೊಡ್ಡದಿದೆ.

ಕೊನೆಯದು ಅಪರಕರ್ಮ. ಡಾಟ್ ಕಾಮ್ ಹೆಸರು ಗದ್ದೆಯಂತೆ ಕೊಂಡದ್ದಲ್ಲ, ಲಾವಣಿಗೆ ಹಿಡಿದದ್ದು. ಅವಧಿ ಮುಗಿದರೂ ಕೆಲವು ದಿನ ಹಳೆಯ ದರದಲ್ಲೇ ಬದುಕಿಸಬಹುದು. ಆ ಗಡುವೂ ದಾಟಿದರೆ 30 ದಿನಗಳ ಪ್ರೇತಾವಸ್ಥೆ. ಆಗ ಎಬ್ಬಿಸಲು ದಂಡ ದೊಡ್ಡದು. ಆಮೇಲೆ ಐದು ದಿನ ಯಾರೂ ಮುಟ್ಟುವಂತಿಲ್ಲ. ನಂತರ ಲೋಕದ ಯಾರು ಬೇಕಾದರೂ ಒಯ್ಯಬಹುದು. ನವೀಕರಣದ ನೆನಪಿನೋಲೆಗಳು ಸಾಹುಕಾರರು ತೆರೆಯದ ಮಿಂಚಂಚೆಗೆ ತಪ್ಪದೆ ಹೋಗುತ್ತಿರುತ್ತವೆ.

ಹೀಗೆ ಪ್ರೇತಾವಸ್ಥೆಗೆ ಸಂದಿದ್ದ ತಾಣವೊಂದು ಇಲ್ಲವಾದದ್ದು ಒಬ್ಬ ಗಿರಾಕಿಗೂ ತಿಳಿಯಲಿಲ್ಲ. ತಿಳಿದದ್ದು ಕಲ್ಯಾಣಮಂಟಪದಲ್ಲಿ, ಮಗಳ ನಿಶ್ಚಿತಾರ್ಥದ ದಿನ, ಸಾಹುಕಾರರು ಬೀಗರಿಗೆ ತೋರಿಸಲೆಂದು ಫೋನ್ ತೆಗೆದಾಗ.

“ವೆಬ್‌ಸೈಟ್ ಎಲ್ಲಿ ಹೋತ್ರಿ? ಬೀಗರು ಮುಂದ ಕುಂತಾರ.”

ಆಚಾರ್ಯ ನವೀಕರಣ, ದಂಡ ಎಲ್ಲ ವಿವರಿಸಿದ.

“ಹ್ವಾದ ವರ್ಷ ಕೊಟ್ಟೀನಲ್ರಿ ರೊಕ್ಕ? ಇರ್ಲಿ, ಕೊಡ್ತೀನಿ. ಊಟಕ್ಕ ಏಳೂದರೊಳಗ ಚಾಲೂ ಮಾಡ್ರಿ.”

ದಂಡ ತೆತ್ತು ಎಬ್ಬಿಸಿದ ಹೆಸರು ಎಲ್ಲ ಕಡೆ ಮತ್ತೆ ಕಾಣಲು 48 ಗಂಟೆ ಹಿಡಿಯಬಹುದೆಂದು ಶಾಸ್ತ್ರ. ಎಲೆ ಹಾಕಲು ಅರ್ಧ ಗಂಟೆಯೂ ಇರಲಿಲ್ಲ. ಆಚಾರ್ಯ ಕಡತದಲ್ಲಿದ್ದ ಹಳೆಯ ಮುಖಪುಟದ ಸ್ಕ್ರೀನ್‌ಶಾಟ್ ಹುಡುಕಿ ವಾಟ್ಸಾಪಿಗೆ ಹಾಕಿದ. ಬೀಗರು ಅದನ್ನು ಬೆರಳಿನಿಂದ ಹಿಗ್ಗಿಸಿ, ಹಾರ ಹಾಕಿದ ಫೋಟೊಕ್ಕೆ ಕೈಮುಗಿದು, ಭಾಳ ಛಲೋ ಐತೆಂದು ಮೆಚ್ಚಿ ಊಟಕ್ಕೆ ಎದ್ದರು. ದಂಡದ ಹಣ ಕೊಡುವ ಮಾತನ್ನು ಸಾಹುಕಾರರು ಮತ್ತೆ ಎತ್ತಿಲ್ಲ.