ಬೀಗವೇನೋ ಭದ್ರ, ಕೀಲಿ ಎಲ್ಲಿ ಸ್ವಾಮಿ?

ಸಿಸ್ಟಂ ಅಡ್ಮಿನ್ ಎಂಬ ಜೀವಿಯನ್ನು ರೇಗಿಸಬೇಕೇ? ಒಂದೇ ಪ್ರಶ್ನೆ ಸಾಕು: “ಸಾರ್, ವಿಎಂಗಳನ್ನೆಲ್ಲ ಎನ್‌ಕ್ರಿಪ್ಟ್ ಮಾಡಿಬಿಟ್ಟಿರಂತೆ, ಕೀ ಎಲ್ಲಿಟ್ಟಿದ್ದೀರಿ?” ಮೊದಲರ್ಧ ಕೇಳಿ ಮುಖ ಅರಳುತ್ತದೆ. ಎರಡನೆಯರ್ಧಕ್ಕೆ ಬಾರದ ಫೋನು ಬಂದು, ಎದ್ದು ಹೋಗುತ್ತಾರೆ.

ಬೀಗ ಬೇಡ ಅಂತ ಯಾರೂ ಹೇಳಲಿಲ್ಲ. ವಿಎಂ, ಅಂದರೆ ವರ್ಚುವಲ್ ಮಷೀನ್, ಒಂದಿಷ್ಟು ಫೈಲು ತಾನೆ? ಕಬ್ಬಿಣದ ಸರ್ವರ್ ಕದಿಯಲು ಇಬ್ಬರು ಗಟ್ಟಿ ಆಳು, ಒಂದು ಟೆಂಪೊ ಬೇಕು. ಇದಕ್ಕೆ ಪೆನ್‌ಡ್ರೈವ್ ಸಾಕು.

ವರ್ಚುವಲ್‌ಬಾಕ್ಸ್‌ನ ಸಂಗತಿ ನೋಡಿ. 2015ರ 5.0 ಆವೃತ್ತಿಯಿಂದ ಅದರ ಡಿಸ್ಕಿಗೆ ಬೀಗ ಹಾಕಬಹುದು. ಆದರೆ ನೀವು ಒತ್ತುವ ಪಾಸ್‌ವರ್ಡ್ ಡಿಸ್ಕನ್ನು ನೇರವಾಗಿ ಮುಟ್ಟುವುದೇ ಇಲ್ಲ. ಡಿಸ್ಕಿನದು ಬೇರೆಯದೇ ಕೀ. ಪಾಸ್‌ವರ್ಡ್ ಕಾಯುವುದು ಆ ಕೀಯನ್ನು. ಅದು ಕೂತಿರುವುದೋ, ವಿಎಂನ ಸೆಟ್ಟಿಂಗ್ಸ್ ಇರುವ ಪುಟಾಣಿ ಫೈಲಿನಲ್ಲಿ. ನಮ್ಮ ಮಹಾಶಯರು ನೂರು ಜಿಬಿಯ ಡಿಸ್ಕ್ ಫೈಲನ್ನು ಭಕ್ತಿಯಿಂದ ಬ್ಯಾಕಪ್ ಮಾಡಿ, ಆ ಪುಟಾಣಿಯನ್ನು ಕಸವೆಂದು ಅಳಿಸುತ್ತಾರೆ. ಆಮೇಲೆ ಪಾಸ್‌ವರ್ಡನ್ನು ನಿದ್ದೆಯಲ್ಲಿ ಹೇಳಿದರೂ ಡಿಸ್ಕ್ ಬಾಯಿ ಬಿಡುವುದಿಲ್ಲ.

ದೊಡ್ಡ ಮನೆಗಳ ಕಥೆ ಇನ್ನೂ ಸೊಗಸು. ವಿಎಂವೇರ್‌ನ ವಿಸ್ಫಿಯರ್ 6.5ರಲ್ಲಿ, ಅಂದರೆ 2016ರಲ್ಲಿ, ವಿಎಂ ಎನ್‌ಕ್ರಿಪ್ಷನ್ ಬಂತು. ಡಿಸ್ಕಿಗೊಂದು ಕೀ, ಆ ಕೀಯನ್ನು ಮುಚ್ಚಲು ಇನ್ನೊಂದು ಕೀ, ಆ ಇನ್ನೊಂದನ್ನು ಕಾಯಲು ಪ್ರತ್ಯೇಕ ಕೀ ಸರ್ವರ್. ಹಣ ಉಳಿಸುವ ಜಾಣರು ಆ ಕೀ ಸರ್ವರನ್ನೂ ಅದೇ ಕ್ಲಸ್ಟರ್‌ನಲ್ಲಿ ಒಂದು ವಿಎಂ ಮಾಡಿ, ಇರಲಿ ಅಂತ ಅದಕ್ಕೂ ಎನ್‌ಕ್ರಿಪ್ಷನ್ ಹಾಕಿದರೆ? ಬೀರುವಿನ ಬೀಗದ ಕೈಯನ್ನು ಬೀರುವಿನೊಳಗಿಟ್ಟು ಬಾಗಿಲು ದಬ್ಬಿದ ಹಾಗೆ. ಒಂದು ರಾತ್ರಿ ಕರೆಂಟು ಹೋಗಿ ಎಲ್ಲವೂ ಮಲಗಿದರೆ ಎಬ್ಬಿಸುವವರಾರು? ಇವನ್ನೆಲ್ಲ ಆಳುವ ವಿಸೆಂಟರ್‌ನ ವಿಎಂಗೆ ಎನ್‌ಕ್ರಿಪ್ಷನ್ ಹಾಕಬೇಡಿ ಎಂದು ಕಂಪನಿಯ ಕೈಪಿಡಿ ಎಚ್ಚರಿಸುತ್ತದೆ. ಯಾರೋ ಪುಣ್ಯಾತ್ಮರು ಹಾಕಿಯೇ ಇರಬೇಕು ಬಿಡಿ.

ಆಡಿಟರ್ ಬಂದು “ಕೀ ಬದಲಾಯಿಸಿದಿರಾ?” ಎಂದರೆ ದಾರಿ ಎರಡು. ಹೊರಗಿನ ಕೀ ಮಾತ್ರ ಬದಲಾಯಿಸುವುದು ಚಿಟಿಕೆಯ ಕೆಲಸ. ಒಳಗಿನದನ್ನೂ ಬದಲಾಯಿಸಲು ವಿಎಂ ಆಫ್ ಮಾಡಿ, ಡಿಸ್ಕನ್ನೆಲ್ಲ ಹೊಸದಾಗಿ ಬರೆಯಬೇಕು. ಯಾವುದು ನಡೆಯುತ್ತದೆಂದು ನಾನು ಹೇಳಬೇಕೇ?

2021ರಲ್ಲಿ ಕೀ ಸರ್ವರ್ ಬೇರೆ ಬೇಡವೆಂದು ವಿಸ್ಫಿಯರ್‌ನೊಳಗೇ ಏರ್ಪಾಟು ಬಂತು. ಅದು ಜನರ ಗುಣ ಬಲ್ಲದ್ದು: ಮೊದಲು ಕೀ ಬ್ಯಾಕಪ್ ತೆಗೆದುಕೋ, ಆಮೇಲೆ ಕೆಲಸ ಎನ್ನುತ್ತದೆ. ಬ್ಯಾಕಪ್ ಫೈಲಿಗೂ ಪಾಸ್‌ವರ್ಡ್ ಇಡಬಹುದು. ಆ ಪಾಸ್‌ವರ್ಡ್ ಸಿಗುವುದು ‘ಹೊಸದು ಫೈನಲ್ 2’ ಎಂಬ ಎಕ್ಸೆಲ್ ಶೀಟಿನಲ್ಲಿ. ಅದಕ್ಕೆ ಎನ್‌ಕ್ರಿಪ್ಷನ್ ಇದೆಯೇ? ಛೆ ಛೆ, ಟೀಮಿನವರಿಗೆಲ್ಲ ತೊಂದರೆ ಆಗಬಾರದಲ್ಲ!